ಕಂಟ್ರಿ ಮ್ಯೂಸಿಕ್ ಮೊದಲಿಂದಲೂ ರಿಪಬ್ಲಿಕನ್ನರದ್ದೇನಾ?

ಅಮೆರಿಕದ ಕಂಟ್ರಿ ಮ್ಯೂಸಿಕ್, ಅಂದ್ರೆ ಅಲ್ಲಿನ ಹಳ್ಳಿಗಾಡಿನಲ್ಲಿ ಹುಟ್ಟಿದ ಹಾಡುಗಳು, ರಿಪಬ್ಲಿಕನ್ ಪಕ್ಷದ ಸಂಗೀತ ಅಂತಾರಲ್ಲ, ಅದು ಮೊದಲಿಂದಲೂ ಹಾಗೇನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ರಾಜಕೀಯದಲ್ಲಿ ಶುರುವಿಗೆ ಅದು ಜಾಸ್ತಿ ಕೇಳಿಸುತ್ತಿದ್ದದ್ದು ಎದುರು ಪಕ್ಷದವರಾದ ಡೆಮಾಕ್ರಟರ ಸಭೆಗಳಲ್ಲೇ. ಆ ಹಾಡುಗಳನ್ನು ಹೆಚ್ಚಾಗಿ ಕೇಳುತ್ತಿದ್ದವರು ದಕ್ಷಿಣದ ಬಿಳಿಯ ರೈತರು, ಕೂಲಿಯವರು. ಅವರ ಓಟು ಆಗ ಡೆಮಾಕ್ರಟರಿಗೇ ಬೀಳುತ್ತಿತ್ತು.

ಟೆಕ್ಸಾಸ್‌ನ ಪ್ಯಾಪಿ ಓ'ಡೇನಿಯಲ್ ಅವರನ್ನೇ ನೋಡಿ. ಅವರು ಡೆಮಾಕ್ರಟ್, ಹಿಟ್ಟಿನ ವ್ಯಾಪಾರಿ. ಮಾಲು ಮಾರಲು ರೇಡಿಯೋದಲ್ಲಿ ಬ್ಯಾಂಡ್ ಹಾಡಿಸುತ್ತಿದ್ದರು. 1938ರಲ್ಲಿ ಬ್ಯಾಂಡ್ ಕಟ್ಟಿಕೊಂಡೇ ಗವರ್ನರ್ ಚುನಾವಣೆಗೆ ಇಳಿದರು. ಊರೂರಿನಲ್ಲಿ ಪಿಟೀಲು, ಗಿಟಾರು, ಜೊತೆಗೆ ಭಾಷಣ. ವಯಸ್ಸಾದವರಿಗೆ ತಿಂಗಳಿಗೆ 30 ಡಾಲರ್ ಪಿಂಚಣಿ ಕೊಡುತ್ತೇನೆ ಅಂದರು. ಚಂದಾ ಎತ್ತಲು ಜನರ ನಡುವೆ ಹಿಟ್ಟಿನ ಪುಟ್ಟ ಪೀಪಾಯಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಗೆದ್ದೂ ಬಿಟ್ಟರು. ಪಿಂಚಣಿ ಮಾತ್ರ ಹೇಳಿದ ಹಾಗೆ ಸಿಗಲಿಲ್ಲ.

ಲೂಸಿಯಾನಾದಲ್ಲಿ ಇನ್ನೊಬ್ಬ ಡೆಮಾಕ್ರಟ್ ಜಿಮ್ಮಿ ಡೇವಿಸ್ ಗಾಯಕರೇ ಆಗಿದ್ದರು. 'ಯೂ ಆರ್ ಮೈ ಸನ್‌ಶೈನ್' ಹಾಡಿಕೊಂಡೇ ಪ್ರಚಾರ ಮಾಡಿ 1944ರಲ್ಲಿ ಗವರ್ನರ್ ಆದರು. 1960ರಲ್ಲಿ ಮತ್ತೆ ಬಂದಾಗ, ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಸೇರುವುದನ್ನು ತಡೆಯಲು ನಿಂತರು. ಅಷ್ಟು ಮುದ್ದಾದ ಹಾಡಿನ ಹಿಂದೆ ಇಂಥ ರಾಜಕೀಯ ಇತ್ತು ಅನ್ನೋದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಗಾಳಿ ತಿರುಗಿದ್ದು 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆಸುಪಾಸಿನಲ್ಲಿ. ಕಪ್ಪು ಜನರ ವಿರುದ್ಧದ ಭೇದಭಾವ ನಿಷೇಧಿಸಿದ ಆ ಕಾಯಿದೆಗೆ ಸಹಿ ಹಾಕಿದ್ದು ಡೆಮಾಕ್ರಟ್ ಅಧ್ಯಕ್ಷ ಜಾನ್ಸನ್. ಹಾಗಾಗಿ ದಕ್ಷಿಣದ ಬಿಳಿಯರಲ್ಲಿ ಅನೇಕರು ಡೆಮಾಕ್ರಟರ ಮೇಲೆ ಮುನಿಸಿಕೊಂಡರು. ಮುಂದೆ ಅಧ್ಯಕ್ಷರಾದ ರಿಪಬ್ಲಿಕನ್ ಪಕ್ಷದ ನಿಕ್ಸನ್‌ಗೆ ಆ ಓಟು ಬೇಕಿತ್ತು. ಹಾಗಾಗಿ ಆ ಹಾಡುಗಾರರೂ ಬೇಕಾದರು.

1970ರ ಏಪ್ರಿಲ್‌ನಲ್ಲಿ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರನ್ನು ಶ್ವೇತಭವನಕ್ಕೆ ಹಾಡಲು ಕರೆದರು. ನಿಕ್ಸನ್ ಕಚೇರಿಯವರು ಇಂತಿಂಥ ಹಾಡು ಹಾಡಿ ಅಂತ ಕೋರಿದ್ದರು. ಅದರಲ್ಲಿ 'ವೆಲ್‌ಫೇರ್ ಕ್ಯಾಡಿಲಾಕ್' ಕೂಡ ಒಂದು. ಸರ್ಕಾರದ ನೆರವು ಪಡೆಯುವ ಬಡವರನ್ನು ಗೇಲಿ ಮಾಡುವ ಹಾಡು ಅದು. ಸ್ವತಃ ಹತ್ತಿ ಹೊಲದಲ್ಲಿ ದುಡಿದು ಬೆಳೆದ ಕ್ಯಾಶ್ ಅದನ್ನು ಹಾಡಲಿಲ್ಲ. ಬದಲಿಗೆ 'ವಾಟ್ ಈಸ್ ಟ್ರೂತ್' ಹಾಡಿದರು. ಯುದ್ಧ ಯಾಕೆ ಅಂತ ಕೇಳುವ ಎಳೆಯರ ಪರ ನಿಲ್ಲುವ ಹಾಡು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ, ಅಧ್ಯಕ್ಷರ ಮನೆಯಲ್ಲೇ, ಅವರೆದುರೇ! ಆದರೂ ಕ್ಯಾಶ್ ಕೂಗಾಡಲಿಲ್ಲ, ಅಧ್ಯಕ್ಷರಿಗೆ ಮರ್ಯಾದೆ ಕೊಟ್ಟೇ ನಡೆದುಕೊಂಡರು. ಈ ಸಂಗೀತ ಪೂರ್ತಿ ಒಂದು ಪಕ್ಷದ್ದು ಅನ್ನುವವರಿಗೆ ನಾನು ಮೊದಲು ಹೇಳೋದು ಇದನ್ನೇ. ಅಧ್ಯಕ್ಷರಾಗಿದ್ದ ಡೆಮಾಕ್ರಟ್ ಜಿಮ್ಮಿ ಕಾರ್ಟರ್‌ಗೆ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಆಪ್ತ ಗೆಳೆಯರಾಗಿದ್ದರು ಅನ್ನೋದೂ ಗೊತ್ತಿರಲಿ.

ಹಾಗಾದರೆ ರಿಪಬ್ಲಿಕನ್ನರ ಸಂಗೀತ ಅನ್ನೋ ಹೆಸರು ಗಟ್ಟಿಯಾಗಿ ಅಂಟಿದ್ದು ಹೇಗೆ? ನನ್ನ ಪ್ರಕಾರ ಅದರಲ್ಲಿ ರೇಡಿಯೋದವರ ಪಾಲು ದೊಡ್ಡದು. 2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧಕ್ಕೆ ಕೆಲವೇ ದಿನ ಮೊದಲು, ಡಿಕ್ಸಿ ಚಿಕ್ಸ್ ಎಂಬ ಕಂಟ್ರಿ ತಂಡದ ಗಾಯಕಿ ನ್ಯಾಟಲಿ ಮೇನ್ಸ್ ಲಂಡನ್ನಿನ ವೇದಿಕೆಯಲ್ಲಿ ಮಾತಾಡಿದರು. ಆಗಿನ ರಿಪಬ್ಲಿಕನ್ ಅಧ್ಯಕ್ಷ ಬುಷ್ ನಮ್ಮ ಟೆಕ್ಸಾಸ್‌ನವರು ಅನ್ನೋಕೆ ನಾಚಿಕೆಯಾಗುತ್ತದೆ ಅಂದರು. ಅಷ್ಟಕ್ಕೇ ಅನೇಕ ಕಂಟ್ರಿ ಸ್ಟೇಷನ್‌ಗಳು ಅವರ ಹಾಡು ನಿಲ್ಲಿಸಿದವು. ಸಿಡಿಗಳನ್ನು ರಾಶಿ ಹಾಕಿ ಪುಡಿ ಮಾಡಿದರು. ಕೊಲೆ ಬೆದರಿಕೆಗಳೂ ಬಂದವು. 2007ರಲ್ಲಿ ಆ ತಂಡಕ್ಕೆ 5 ಗ್ರ್ಯಾಮಿ ಸಂಗೀತ ಪ್ರಶಸ್ತಿಗಳು ಬಂದವು. ಕಂಟ್ರಿ ರೇಡಿಯೋ ಮಾತ್ರ ಅವರನ್ನು ಮತ್ತೆ ಮೊದಲಿನಂತೆ ಸೇರಿಸಿಕೊಳ್ಳಲಿಲ್ಲ.