ಸೀಟು ಅಲ್ಲ ಮಾರಾಯ, ಕೆಲಸ

ನಿನ್ನ ಪತ್ರ ಎರಡು ಸಲ ಓದಿದೆ. ಶಂಕರಘಟ್ಟದಲ್ಲಿ ಎಂಎಸ್ಸಿ ಫಿಸಿಕ್ಸ್, 7.9 ಸಿಜಿಪಿಎ, ಈಗ ಸಾಗರದಲ್ಲಿ ಅತಿಥಿ ಉಪನ್ಯಾಸಕ. ಕಂಪ್ಯೂಟೇಶನಲ್ ಸೈನ್ಸ್‌ನಲ್ಲಿ, ಅಂದರೆ ವಿಜ್ಞಾನದ ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬಿಡಿಸುವುದರಲ್ಲಿ, ಪಿಎಚ್‌ಡಿ ಮಾಡಲು ಬ್ರಿಟನ್ನಿಗೆ ಹೋಗಬೇಕು, ಆದರೆ ಸ್ಟೂಡೆಂಟ್‌ಶಿಪ್ (ಫೀಸೂ ಖರ್ಚಿನ ದುಡ್ಡೂ ಕೊಡುವ ಪಿಎಚ್‌ಡಿ ಜಾಗ) ಸಿಕ್ಕರೆ ಮಾತ್ರ. "ಅಕ್ಕಾ, ನನ್ನಂಥವರಿಗೆ ಸೀಟು ಸಿಗುತ್ತಾ? ಏಜೆನ್ಸಿಯವರು ಅರವತ್ತು ಸಾವಿರ ಕೇಳ್ತಿದ್ದಾರೆ, ಕೊಡಲಾ? ಫುಲ್ ಫಂಡಿಂಗ್ ಅಂದ್ರೆ ಮನೆಯಿಂದ ಏನೂ ಹಾಕೋದು ಬೇಡ್ವಾ?" ಅಂತ ಕೇಳಿದ್ದೀಯ. ನಾನೀಗ ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯಲ್ಲೇ ಇದ್ದೇನೆ. ಊರಿನ ಮಳೆಗಾಲ ನೋಡದೆ ನಾಲ್ಕು ವರ್ಷ ಆಗಿತ್ತು ಅಂತ ಜುಲೈನಲ್ಲೇ ರಜೆ ಹಾಕಿ ಬಂದೆ. ಬೆಳಗ್ಗೆಯಿಂದ ಕರೆಂಟಿಲ್ಲ, ಹಾಗಾಗಿ ಉದ್ದ ಬರೆಯಲು ಪುರುಸೊತ್ತಿದೆ.

ಮೊದಲು ಏಜೆನ್ಸಿ ವಿಷಯ ಮುಗಿಸುತ್ತೇನೆ. ಕೊಡಬೇಡ. ನಾನು ಕೊಟ್ಟಿದ್ದೆ, ಆಗಿನ ಕಾಲಕ್ಕೇ ನಲವತ್ತು ಸಾವಿರ. ಬೆಂಗಳೂರಿನ ಒಂದು ಕಚೇರಿಯವರು ನನ್ನ ಪರವಾಗಿ ಉದ್ದೇಶದ ಪತ್ರ ಬರೆದುಕೊಟ್ಟರು. "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಅಂತ ಶುರು. ಆಮೇಲೆ ಅದೇ ವರ್ಷ ಅಲ್ಲಿಗೇ ದುಡ್ಡು ಕಟ್ಟಿದ್ದ ಇನ್ನೊಬ್ಬ ಹುಡುಗಿಯ ಪತ್ರ ನೋಡಿದೆ. ಹೆಸರು, ಕಾಲೇಜು ಬಿಟ್ಟರೆ ಅಕ್ಷರಕ್ಕೆ ಅಕ್ಷರ ಅದೇ. ಆ ವರ್ಷ ನನಗೆ ಒಂದು ಇಂಟರ್‌ವ್ಯೂ ಕೂಡ ಬರಲಿಲ್ಲ. ಫೀಸು ಕಟ್ಟಿ ಮಾಸ್ಟರ್ಸ್ ಓದುವವರನ್ನು ಕಳಿಸಿದರೆ ಇಂಥವರಿಗೆ ಯೂನಿವರ್ಸಿಟಿಗಳಿಂದ ಕಮಿಷನ್ ಸಿಗುತ್ತದೆ. ಸ್ಟೂಡೆಂಟ್‌ಶಿಪ್‌ನಲ್ಲಿ ಅಂಥ ಕಮಿಷನ್ ಹುಟ್ಟುವ ಜಾಗವೇ ಇಲ್ಲ, ಅದಕ್ಕೇ ನಿನ್ನ ಹತ್ತಿರ ಕೇಳುತ್ತಾರೆ. ಅವರು ಮಾಡುವ ಕೆಲಸವನ್ನೆಲ್ಲ ನೀನೇ ಒಂದು ಭಾನುವಾರ ಕೂತು ಮಾಡಬಹುದು.

ಈಗ ಸೀಟು ಅನ್ನುವ ಮಾತಿಗೆ ಬರುತ್ತೇನೆ. ನಾವೆಲ್ಲ ಸಿಇಟಿ ಕಾಲದವರು. ರ‍್ಯಾಂಕ್ ಬಂದರೆ ಸೀಟು, ಬರದಿದ್ದರೆ ಇಲ್ಲ, ತಲೆ ಅಲ್ಲೇ ನಿಂತಿರುತ್ತದೆ. ಸ್ಟೂಡೆಂಟ್‌ಶಿಪ್ ಹಾಗಲ್ಲ. ಒಬ್ಬ ಪ್ರೊಫೆಸರ್‌ಗೆ ಒಂದು ಪ್ರಶ್ನೆಗೆ ಅಂತ ದುಡ್ಡು ಬಂದಿರುತ್ತದೆ, ಆ ಪ್ರಶ್ನೆಯ ಹಿಂದೆ ಮೂರೂವರೆ ನಾಲ್ಕು ವರ್ಷ ಬೀಳುವ ಒಬ್ಬರು ಬೇಕಿರುತ್ತದೆ. ಅಂಗಡಿ ಮುಂದೆ 'ಕೆಲಸಕ್ಕೆ ಜನ ಬೇಕಾಗಿದ್ದಾರೆ' ಅಂತ ಬೋರ್ಡು ಹಾಕುತ್ತಾರಲ್ಲ, ಹಾಗೆ. ಮಾರ್ಕ್ಸು ಬಾಗಿಲು ದಾಟಲು ಮಾತ್ರ. ಬ್ರಿಟನ್ನಿನಲ್ಲಿ 'ಟು ಒನ್' ಅಂತ ಕೇಳುತ್ತಾರೆ, ಅಂದರೆ ಅವರ ಡಿಗ್ರಿಯಲ್ಲಿ ಫಸ್ಟ್ ಕ್ಲಾಸಿನ ಕೆಳಗಿನ ದರ್ಜೆ. ನಮ್ಮ ಮಾರ್ಕ್ಸಿಗೆ ಅದನ್ನು ಒಂದೊಂದು ಯೂನಿವರ್ಸಿಟಿ ಒಂದೊಂದು ಥರ ಹೊಂದಿಸುತ್ತದೆ. ನಿನ್ನ 7.9ಕ್ಕೆ ಬಹಳ ಕಡೆ ಬಾಗಿಲು ತೆರೆಯುತ್ತದೆ. ದಾಟಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಡಾಕ್ಟೋರಲ್ ಟ್ರೇನಿಂಗ್ ಸೆಂಟರ್ ಅಂತ ಇನ್ನೊಂದು ಥರದ್ದೂ ಇದೆ, ಅಲ್ಲಿ ಒಂದು ಬ್ಯಾಚ್ ತೆಗೆದುಕೊಂಡು ಪ್ರಾಜೆಕ್ಟ್ ಆಮೇಲೆ ಆರಿಸಲು ಬಿಡುತ್ತಾರೆ. ಕೋಡಿಂಗ್ ಕಡಿಮೆ ಗೊತ್ತಿರುವ ಫಿಸಿಕ್ಸ್‌ನವರಿಗೆ ಅದು ಒಳ್ಳೆಯ ದಾರಿ.

ಜಾಹೀರಾತು ಓದುವಾಗ ಮೊದಲು ಕೆಳಗಿನಿಂದ ಓದು. ಯಾರು ಅರ್ಜಿ ಹಾಕಬಹುದು ಅನ್ನುವುದು ಅಲ್ಲಿರುತ್ತದೆ. 'ಹೋಮ್ ಸ್ಟೂಡೆಂಟ್ಸ್ ಓನ್ಲಿ', ಅಂದರೆ ಅಲ್ಲಿನವರಿಗೆ ಮಾತ್ರ, ಅಂತಿದ್ದರೆ ಮುಂದಿನದಕ್ಕೆ ಹೋಗು, ಪ್ರಾಜೆಕ್ಟ್ ಎಷ್ಟೇ ಚಂದ ಇರಲಿ. ನಾನು ಹೋದ ಕಾಲದಲ್ಲಿ ಅಲ್ಲಿನ ಸರ್ಕಾರಿ ಸಂಶೋಧನಾ ದುಡ್ಡು ನಮ್ಮಂಥವರಿಗೆ ಸಿಗುತ್ತಲೇ ಇರಲಿಲ್ಲ, ಯೂನಿವರ್ಸಿಟಿಯ ಸ್ವಂತ ಸ್ಕಾಲರ್‌ಶಿಪ್ ಹಿಡಿದು ಹೋಗಬೇಕಿತ್ತು. 2021ರಿಂದ ಯುಕೆಆರ್‌ಐ (ಆ ಸರ್ಕಾರಿ ದುಡ್ಡು ಹಂಚುವ ಸಂಸ್ಥೆ) ಸ್ಟೂಡೆಂಟ್‌ಶಿಪ್‌ಗಳು ಹೊರದೇಶದವರಿಗೂ ತೆರೆದಿವೆ, ಆದರೆ ಹೊರಗಿನವರು ಸಾಮಾನ್ಯವಾಗಿ 30 ಪ್ರತಿಶತ ಮೀರುವಂತಿಲ್ಲ ಅಂತ ಮಿತಿ ಇದೆ. ಬೇರೆ ದುಡ್ಡಿನ ಕೆಲವು ಜಾಹೀರಾತುಗಳಲ್ಲಿ 'ಫಂಡೆಡ್' ಅಂತ ದಪ್ಪಕ್ಷರದಲ್ಲಿ ಹಾಕಿ, ಹೋಮ್ ಫೀಸಿಗೂ ಇಂಟರ್‌ನ್ಯಾಶನಲ್ ಫೀಸಿಗೂ ಇರುವ ವ್ಯತ್ಯಾಸ ನೀವೇ ಕಟ್ಟಬೇಕು ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆ ವ್ಯತ್ಯಾಸ ವರ್ಷಕ್ಕೆ ಹತ್ತು ಸಾವಿರ ಪೌಂಡಿನ ಮೇಲೂ ಹೋಗಬಹುದು. ಮೈಮರೆಯಬೇಡ.

ನಾನು ಎರಡನೇ ವರ್ಷ ಏನು ಮಾಡಿದೆ ಅಂತ ಹೇಳುತ್ತೇನೆ, ನಿನಗೆ ಉಪಯೋಗ ಆಗುವುದು ಇದೇ. ಆ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಕ್ಕೆ ಕೊಳೆ ರೋಗ ಬಂದಿತ್ತು. ಅಪ್ಪ ಜಗುಲಿ ಪಕ್ಕ ಡ್ರಮ್ಮು ಇಟ್ಟುಕೊಂಡು ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುತ್ತಿದ್ದರು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೊನೆಗೆ ಚೂರಿ ಅದ್ದಿ ನೋಡುವುದು, ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ನಿಮ್ಮ ಮನೆಯಲ್ಲೂ ನೋಡಿರುತ್ತೀಯ. ಹೊಳವಾದ ಗಳಿಗೆ ನೋಡಿ ಕೊನೆಗಾರ ಮರ ಹತ್ತಿ ಹೊಡೆದ, ಅಷ್ಟರಲ್ಲಿ ಗಾಳಿ ಎದ್ದು ಅರ್ಧ ಔಷಧಿ ಪಕ್ಕದವರ ತೋಟಕ್ಕೆ ಹೋಯಿತು. ಅಪ್ಪ ಬೈದದ್ದು ಕೊನೆಗಾರನಿಗೆ. ತಪ್ಪು ಅವನದಾ, ನಳಿಕೆಯದಾ, ಗಾಳಿಯದಾ ಅಂತ ನನಗೆ ಕೊರೆಯಲು ಶುರುವಾಯಿತು. ರಾತ್ರಿ ಕೂತು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದೆ, ಇನ್ನೂರು ಸಾಲು ಇರಲಿಲ್ಲ. ಒಂದು ಹನಿ, ಅದರ ತೂಕ, ಗಾಳಿಯ ಎಳೆತ, ಅಷ್ಟೇ. 100 ಮೈಕ್ರಾನ್ (ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು) ಹನಿ ಸೆಕೆಂಡಿಗೆ ಸುಮಾರು ಕಾಲು ಮೀಟರ್ ಇಳಿಯುತ್ತದೆ. 20 ಮೈಕ್ರಾನ್ ಹನಿ ಬರೀ ಒಂದು ಸೆಂಟಿಮೀಟರ್ ಚಿಲ್ಲರೆ. ಅಂದರೆ ಸಣ್ಣ ಹನಿ ಬೀಳುವುದೇ ಇಲ್ಲ, ಗಾಳಿ ಕರೆದಲ್ಲಿಗೆ ಹೋಗುತ್ತದೆ. ನಳಿಕೆ ಸಣ್ಣದಾದಷ್ಟೂ ಪಕ್ಕದ ಮನೆಯವರಿಗೆ ಲಾಭ.

ಹನಿಗಳ ಸಿಮ್ಯುಲೇಶನ್ ಬಗ್ಗೆ ಒಂದು ಸ್ಟೂಡೆಂಟ್‌ಶಿಪ್ ಕಣ್ಣಿಗೆ ಬಿತ್ತು, ಎಂಜಿನ್ನಿನೊಳಗೆ ಇಂಧನ ಸಿಂಪಡಿಸುವ ವಿಷಯ. ನನ್ನ ಪತ್ರ ಈ ಸಲ ಮೈಲುತುತ್ತದಿಂದ ಶುರುವಾಯಿತು. ಇಂಟರ್‌ವ್ಯೂನಲ್ಲಿ ಮೂವರು ಕೂತಿದ್ದರು. ಒಬ್ಬರು ನನ್ನ ಪ್ರೋಗ್ರಾಮ್ ತೆರೆದು ಕೇಳಿದರು, ಹನಿ ಬೀಳುವ ವೇಗಕ್ಕೆ ನೀನು ಸ್ಟೋಕ್ಸ್ ಸೂತ್ರ ಹಾಕಿದ್ದೀಯ, 1 ಮಿಲಿಮೀಟರ್ ಹನಿಗೆ ಇದು ಎಷ್ಟು ವೇಗ ಕೊಡುತ್ತದೆ? ಅಲ್ಲೇ ಲೆಕ್ಕ ಹಾಕಿದೆ. ಸೆಕೆಂಡಿಗೆ 30 ಮೀಟರ್. ಗಂಟೆಗೆ ನೂರು ಕಿಲೋಮೀಟರ್ ದಾಟಿತು! ಮಳೆ ಹನಿ ಹಾಗೆ ಬಿದ್ದರೆ ಆಗುಂಬೆಯವರೆಲ್ಲ ಹೆಲ್ಮೆಟ್ ಹಾಕಿಕೊಂಡು ಓಡಾಡಬೇಕಾಗುತ್ತಿತ್ತು. ಮುಖ ಬಿಸಿಯಾಯಿತು. ಸುಮ್ನೆ ಏನಾದರೂ ಹೇಳಿ ಜಾರಿಕೊಳ್ಳೋಣ ಅಂತಲೂ ಅನಿಸಿತು. ಆದರೆ ಬಾಯಿಂದ ಬಂದದ್ದು, "ಇದು ತಪ್ಪು, ಸಣ್ಣ ಹನಿಗೆ ಸರಿ ಇದ್ದದ್ದು ದೊಡ್ಡ ಹನಿಗೆ ಯಾಕೆ ಕೆಡುತ್ತದೆ ಅಂತ ಯೋಚಿಸುತ್ತೇನೆ, ಹನಿಯ ಹಿಂದೆ ಗಾಳಿ ಸುಳಿ ಕಟ್ಟಿಕೊಳ್ಳುವುದರಿಂದ ಇರಬಹುದಾ?" ಅಲ್ಲಿಂದ ಇಪ್ಪತ್ತು ನಿಮಿಷ ಅದೇ ಮಾತು. ನಿಜವಾಗಿ ಅಂಥ ಹನಿ ಸೆಕೆಂಡಿಗೆ ಸುಮಾರು 4 ಮೀಟರ್‌ನಲ್ಲಿ ಬೀಳುತ್ತದೆ ಅಂತ ಅವರೇ ಬೋರ್ಡಿನ ಮೇಲೆ ಬರೆದು ತೋರಿಸಿದರು. ವಾರದ ಮೇಲೆ ಆಫರ್ ಬಂತು. ಆಮೇಲೆ ಗೈಡ್‌ನ ಕೇಳಿದಾಗ ಹೇಳಿದ್ದು: ಉಳಿದವರ ಪ್ರೋಗ್ರಾಮ್‌ಗಳು ನಿನ್ನದಕ್ಕಿಂತ ಚೆನ್ನಾಗಿದ್ದವು, ಆದರೆ ಎಲ್ಲಿ ಕೆಡುತ್ತದೆ ಅಂತ ಕೇಳಿದಾಗ ಅವರು ಕೆಡುವುದೇ ಇಲ್ಲ ಅಂದರು.

ಇನ್ನೊಂದು ತಮಾಷೆ. ನಮ್ಮ ಮನೆಯಲ್ಲಿ ಕರೆಂಟು ಯಾವಾಗ ಬೇಕಾದರೂ ಹೋಗುತ್ತಿತ್ತು, ನನ್ನ ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಲೆಕ್ಕ ಎಲ್ಲಿದೆಯೋ ಅಲ್ಲಿಗೆ ಫೈಲಿನಲ್ಲಿ ಉಳಿಸಿ, ಕರೆಂಟು ಬಂದ ಮೇಲೆ ಅಲ್ಲಿಂದಲೇ ಮುಂದುವರಿಸುವ ಹಾಗೆ ಬರೆದಿದ್ದೆ. ಅದಕ್ಕೆ ಚೆಕ್‌ಪಾಯಿಂಟ್ ಅಂತ ಹೆಸರಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸೂಪರ್ ಕಂಪ್ಯೂಟರುಗಳಲ್ಲಿ ಒಂದು ಜಾಬ್‌ಗೆ ಇಷ್ಟೇ ಗಂಟೆ ಅಂತ ಮಿತಿ ಇರುತ್ತದೆ. ಎಡಿನ್‌ಬರಾದ ಆರ್ಚರ್2ರಲ್ಲಿ ಏಳು ಲಕ್ಷದ ಮೇಲೆ ಕೋರ್ (ಲೆಕ್ಕ ಮಾಡುವ ಘಟಕ) ಇವೆ, ಆದರೂ ಸಾಮಾನ್ಯ ಸಾಲಿನಲ್ಲಿ ಸಿಗುವುದು 24 ಗಂಟೆ, ಆಮೇಲೆ ಹೊರಗೆ ತಳ್ಳುತ್ತದೆ. ಅಲ್ಲೂ ಇದೇ ಚೆಕ್‌ಪಾಯಿಂಟ್ ಬೇಕು. ಹಾಗಾಗಿ ದೊಡ್ಡ ಕಂಪ್ಯೂಟರ್ ಇಲ್ಲ ಅಂತ ನೀನು ಬೇಜಾರು ಮಾಡಿಕೊಂಡದ್ದು ಬೇಡದ ಬೇಜಾರು. ಇರುವ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕು, ಪ್ರೋಗ್ರಾಮಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕಲಿ, ಸಿ++ ಅಥವಾ ಫೋರ್ಟ್ರಾನ್ ಯಾವುದಾದರೂ ಒಂದು ಓದಲು ಬರುವಷ್ಟು ಮಾಡಿಕೋ. ನಾಲ್ಕು ಕೋರ್‌ನಲ್ಲೇ ಎಂಪಿಐ (ಕೆಲಸವನ್ನು ಕೋರ್‌ಗಳಿಗೆ ಹಂಚುವ ವಿಧಾನ) ಪ್ರೋಗ್ರಾಮ್ ಓಡಿಸಿ, ಒಂದಕ್ಕಿಂತ ನಾಲ್ಕು ಎಷ್ಟು ಬೇಗ ಮುಗಿಸಿತು, ಯಾಕೆ ನಾಲ್ಕು ಪಟ್ಟು ಆಗಲಿಲ್ಲ ಅಂತ ಒಂದು ಪುಟ ಬರೆದಿಡು.

ಗೈಡ್‌ಗಳಿಗೆ ಮೇಲ್ ಬರೆಯುವಾಗ 'ರೆಸ್ಪೆಕ್ಟೆಡ್ ಸರ್' ಬಿಡು. ಡಾಕ್ಟರ್ ಅಂತ ಹಾಕಿ ಸರ್‌ನೇಮ್ ಬರೆದರೆ ಸಾಕು. ಅವರ ಒಂದು ಪೇಪರ್ ನಿಜವಾಗಿ ಓದು, ಅರ್ಥವಾಗದ ಒಂದು ಜಾಗದ ಬಗ್ಗೆ ಒಂದು ಪ್ರಶ್ನೆ ಕೇಳು, ನಿನ್ನ ಪ್ರೋಗ್ರಾಮಿನ ಲಿಂಕ್ ಹಾಕು, ಮುಗಿಸು. ನಾನು ಕಳಿಸಿದ್ದು 31, ಉತ್ತರ ಬಂದದ್ದು ನಾಲ್ಕು. ಹಾಗಾಗಿ ಒಂದು ವಾರ ಯಾರೂ ಮಾತಾಡಿಸಲಿಲ್ಲ ಅಂತ ಅಳುತ್ತ ಕೂರಬೇಡ.

ಶಿಫಾರಸು ಪತ್ರದಲ್ಲಿ ನಮ್ಮ ಕಡೆಯವರು ಎಡವುತ್ತಾರೆ. "ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ" ಅಂತಾರೆ, ಅಲ್ವಾ? ಪ್ರಿನ್ಸಿಪಾಲರ ಹತ್ತಿರ ಹೋಗಬೇಡ, ಅವರಿಗೆ ನಿನ್ನ ಮುಖವೂ ನೆನಪಿರುವುದಿಲ್ಲ. ಪ್ರಾಜೆಕ್ಟ್ ಮಾಡಿಸಿದ ಮೇಷ್ಟ್ರ ಹತ್ತಿರ ಹೋಗು. ಅವರ ಕಣ್ಣೆದುರು ನೀನು ಏನೇನು ಮಾಡಿದೆ, ಎಲ್ಲಿ ಸಿಕ್ಕಿಬಿದ್ದೆ, ಹೇಗೆ ಬಿಡಿಸಿಕೊಂಡೆ ಅಂತ ಒಂದು ಪುಟ ಟಿಪ್ಪಣಿ ಕೊಡು, ಪತ್ರ ಅವರೇ ಬರೆಯಲಿ. ಜಿಮೇಲ್‌ನಿಂದ ಬೇಡ, ಕಾಲೇಜಿನ ಮೇಲ್‌ನಿಂದ ಕಳಿಸಲು ಹೇಳು.

ಇನ್ನು ದುಡ್ಡು. ಯುಕೆಆರ್‌ಐ ಕನಿಷ್ಠ ಸ್ಟೈಪೆಂಡ್ 2025-26ಕ್ಕೆ ವರ್ಷಕ್ಕೆ 20,780 ಪೌಂಡ್. ಅದಕ್ಕೆ ತೆರಿಗೆ ಇಲ್ಲ, ಮನೆಗೆ ಹಾಕುವ ಕೌನ್ಸಿಲ್ ಟ್ಯಾಕ್ಸ್ ಕೂಡ ವಿದ್ಯಾರ್ಥಿಗಳಿಗೆ ಮಾಫಿ. ತಿಂಗಳಿಗೆ 1,700 ಚಿಲ್ಲರೆ ಆಯಿತು. ನನ್ನ ಕಾಲದಲ್ಲಿ ರೂಮಿನ ಬಾಡಿಗೆಗೇ ಅರ್ಧದಷ್ಟು ಹೋಗುತ್ತಿತ್ತು, ಈಗಲೂ ಅದೇ ಕಥೆ. ಬದುಕಬಹುದು, ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ಆದರೆ ಹೊರಡುವ ಮುಂಚಿನ ಖರ್ಚನ್ನು ಬಹಳ ಕಡೆ ಸ್ಟೂಡೆಂಟ್‌ಶಿಪ್ ನೋಡಿಕೊಳ್ಳುವುದಿಲ್ಲ. ವೀಸಾ ಜೊತೆ ಆರೋಗ್ಯದ ಸರ್ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್, ಅದೂ ಎಲ್ಲಾ ವರ್ಷದ್ದೂ ಒಟ್ಟಿಗೇ ಕಟ್ಟಬೇಕು. ನಾಲ್ಕು ವರ್ಷಕ್ಕೆ ನಮ್ಮ ದುಡ್ಡಿನಲ್ಲಿ ಮೂರು ಲಕ್ಷ ದಾಟುತ್ತದೆ. ವೀಸಾ ಫೀಸು, ಟಿಬಿ ಪರೀಕ್ಷೆ, ವಿಮಾನದ ಟಿಕೆಟ್, ರೂಮಿನ ಅಡ್ವಾನ್ಸ್, ಮೊದಲ ಸ್ಟೈಪೆಂಡ್ ಬರುವವರೆಗಿನ ಊಟ ಬೇರೆ. ನನ್ನ ಅಪ್ಪ ಸೊಸೈಟಿಯಲ್ಲಿ ಅಡಿಕೆ ಇಟ್ಟು ಮುಂಗಡ ತಂದರು. ಆಫರ್ ಬಂದ ಕೂಡಲೇ ಯೂನಿವರ್ಸಿಟಿಗೆ ಮೇಲ್ ಹಾಕಿ ಸರ್ಚಾರ್ಜ್ ಕೊಡುತ್ತೀರಾ ಅಂತ ಕೇಳು. ಕೆಲವರು ಕೊಡುತ್ತಾರೆ, ಕೇಳಿದವರಿಗೆ ಮಾತ್ರ. ನಾನು ಕೇಳಲಿಲ್ಲ.

ನಮ್ಮ ವಿಷಯಗಳಿಗೆ ಅಟಾಸ್ ಅಂತ ಒಂದು ಅನುಮತಿ, ಸೂಕ್ಷ್ಮ ತಂತ್ರಜ್ಞಾನದ ವಿಷಯ ಓದಲು ಬ್ರಿಟನ್ ಸರ್ಕಾರ ಕೊಡುವಂಥದ್ದು, ಬೇಕಾಗುವುದು ಜಾಸ್ತಿ. ಅದಕ್ಕೆ ದುಡ್ಡಿಲ್ಲ, ಆದರೆ 30 ಕೆಲಸದ ದಿನವಾದರೂ ಹಿಡಿಯುತ್ತದೆ, ಅದು ಬಾರದೆ ವೀಸಾ ಇಲ್ಲ. ಮುಂದಿನ ವರ್ಷದ ಸೆಪ್ಟೆಂಬರಿಗೆ ಹೋಗಬೇಕು ಅಂದರೆ ಈ ನವೆಂಬರ್, ಡಿಸೆಂಬರ್, ಜನವರಿಯಲ್ಲೇ ಅರ್ಜಿ ಹಾಕಿ ಮುಗಿದಿರಬೇಕು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 6.5 ಬಹಳ ಕಡೆ ಸಾಕು.

ಬ್ರಿಟನ್ ಒಂದನ್ನೇ ಹಿಡಿದು ಕೂರಬೇಡ. ಜರ್ಮನಿಯಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್‌ಡಿ ಅಂದರೆ ಬಹುತೇಕ ಸಂಬಳದ ನೌಕರಿ. ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳಲ್ಲಿ, ಆ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು ಅಂತ ನಿಯಮ, ಸಾಗರ ಬಿಟ್ಟು ಹೋಗದ ನಿನಗೆ ಅದು ಅನುಕೂಲವೇ. ಬೆಂಗಳೂರಿನ ಐಐಎಸ್‌ಸಿಯ ಕಂಪ್ಯೂಟೇಶನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗವನ್ನೂ ನೋಡು. 2022ರಲ್ಲಿ ಬಂದ ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ ಅದೇ ಕ್ಯಾಂಪಸ್ಸಿನಲ್ಲಿದೆ. ಹೊರಗೆ ಹೋದರೇ ಮರ್ಯಾದೆ ಅನ್ನುವ ನಂಟರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ.

ಮದುವೆ ಮಾತು ನಡೆಯುತ್ತಿದೆ ಅಂದೆಯಲ್ಲ. 2024ರ ಜನವರಿಯಿಂದ ಮಾಮೂಲಿ ಮಾಸ್ಟರ್ಸ್ ಓದುವವರು ಹೆಂಡತಿಯನ್ನು ಕರೆದುಕೊಂಡು ಹೋಗುವಂತಿಲ್ಲ, ಪಿಎಚ್‌ಡಿಯವರು ಹೋಗಬಹುದು. ಸ್ಟೈಪೆಂಡ್ ಇಬ್ಬರಿಗೆ ಸಾಲುವುದಿಲ್ಲ ಅಂತ ಹುಡುಗಿಗೆ ಮೊದಲೇ ಹೇಳು.

ಮಳೆಗೆ ಹೆದರಬೇಡ, ಎಡಿನ್‌ಬರಾದ ಇಡೀ ವರ್ಷದ ಮಳೆ ಆಗುಂಬೆಯ ಹತ್ತರಲ್ಲಿ ಒಂದು ಪಾಲು. ಕತ್ತಲೆಗೆ ಹೆದರು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಸೂರ್ಯ ಮುಳುಗುತ್ತದೆ. ಮೊದಲ ಚಳಿಗಾಲ ನಾನು ಪ್ರೋಗ್ರಾಮ್ ಕೆಟ್ಟರೂ ಅಳುತ್ತಿದ್ದೆ, ಓಡಿದರೂ ಅಳುತ್ತಿದ್ದೆ. ಸಂಜೆ ಯಾರದಾದರೂ ಮನೆಗೆ ಸುಮ್ನೆ ಹೋಗಿ ಕೂರುವುದು ಅಲ್ಲಿಲ್ಲ, ಮೊದಲೇ ಕೇಳಿ ಹೋಗಬೇಕು. ಅಭ್ಯಾಸ ಆಗಲು ಎರಡು ವರ್ಷ ಹಿಡಿಯಿತು.

ನಾನು ಆಗಸ್ಟ್ ಮೊದಲ ವಾರದವರೆಗೆ ಇಲ್ಲೇ ಇರುತ್ತೇನೆ. ಅಷ್ಟರೊಳಗೆ ಒಂದು ಜಾಹೀರಾತು ಆರಿಸಿ, ಅದಕ್ಕೇ ಅಂತ ಒಂದು ಪುಟದ ಪತ್ರ ಬರೆದು ಪ್ರಿಂಟ್ ತೆಗೆದುಕೊಂಡು ತೀರ್ಥಹಳ್ಳಿಗೆ ಬಾ. ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ತಾ, ಇಲ್ಲಿ ನೆಟ್ ನಂಬುವ ಹಾಗಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಂಡೇ ಬಸ್ ಹತ್ತು. 'ಬಾಲ್ಯದಿಂದಲೂ' ಅಂತ ಶುರು ಮಾಡಿದ್ದರೆ ಬಸ್ಸಿನಲ್ಲೇ ಹೊಡೆದು ಹಾಕು.