ಪೊಲೀಸರೇ ಇಲ್ಲದ ಜಗತ್ತಿನಲ್ಲಿ ಕಾಗದ ತಲುಪುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ದೇಶಗಳು ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ಸಹಕರಿಸುತ್ತವೆ ಎಂದು ಪಾಠದಲ್ಲಿದೆ. ಅವಳು ಒಪ್ಪುತ್ತಿಲ್ಲ. "ಯುದ್ಧ ನಿಲ್ಲಿಸೋಕೆ ವಿಶ್ವಸಂಸ್ಥೆಗೇ ಆಗಲ್ಲ. ಮಾತು ಕೇಳದಿದ್ರೆ ಹಿಡಿದು ತರೋಕೆ ಪೊಲೀಸರಿಲ್ಲ. ಮತ್ಯಾಕೆ ಸೇರ್ತಾರೆ, ದುಡ್ಡು ಕೊಡ್ತಾರೆ?" ಅನ್ನುತ್ತಾಳೆ. ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಮಗಳ ಅನುಮಾನ ಸರಿಯಾಗಿಯೇ ಇದೆ, ಗದರಿಸಬೇಡಿ. ಆದರೆ ಭದ್ರತಾ ಮಂಡಳಿಯಲ್ಲಿ ಉತ್ತರ ಹುಡುಕಿದರೆ ತಲೆ ಕೆಡುತ್ತದೆ. ಯಾರೂ ಅಷ್ಟಾಗಿ ಗಮನಿಸದ ಒಂದು ಸಂಸ್ಥೆಯಿಂದ ಶುರು ಮಾಡೋಣ. ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದಲ್ಲಿ ವಿಶ್ವ ಅಂಚೆ ಒಕ್ಕೂಟ ಅಂತ ಒಂದಿದೆ. ಈಗ 192 ಸದಸ್ಯ ದೇಶಗಳು.

ಅದು ಹುಟ್ಟುವ ಮೊದಲು ಹೊರದೇಶಕ್ಕೆ ಕಾಗದ ಹಾಕುವುದು ದೊಡ್ಡ ರಗಳೆ. ಪ್ರತಿ ದೇಶವೂ ಇನ್ನೊಂದರ ಜೊತೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಕಾಗದ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರ ಮೇಲೆ ದರ. ನಡುವೆ ಮೂರು ದೇಶ ದಾಟಿದರೆ ಮೂವರಿಗೂ ಪಾಲು. ಸುಮ್ನೆ ಲೆಕ್ಕ ಹಾಕಿ ನೋಡಿ. 22 ದೇಶಗಳು ಒಬ್ಬೊಬ್ಬರ ಜೊತೆಗೂ ಒಪ್ಪಂದ ಮಾಡಿಕೊಂಡರೆ 231 ಒಪ್ಪಂದ. 192 ದೇಶಗಳಾದರೆ 18,336! ಎಲ್ಲರೂ ಒಂದೇ ಕಡೆ ಕುಳಿತು ಬರೆದರೆ ಒಂದೇ ಸಾಕು.

1874ರ ಅಕ್ಟೋಬರ್ 9ರಂದು ಬರ್ನ್‌ನಲ್ಲಿ ಆಗಿದ್ದು ಅದೇ. ಜರ್ಮನಿಯ ಅಂಚೆ ಮುಖ್ಯಸ್ಥ ಹೈನ್‌ರಿಷ್ ಫಾನ್ ಸ್ಟೆಫಾನ್ ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದರು. ಸ್ಥಾಪಕ ದೇಶಗಳು 22. ಅದರಲ್ಲಿ ಜರ್ಮನಿಯೂ ಇತ್ತು, ಫ್ರಾನ್ಸೂ ಇತ್ತು. ಇವೆರಡೂ 1870–71ರಲ್ಲಿ ಘೋರ ಯುದ್ಧ ಮಾಡಿದ್ದವು. ಫ್ರಾನ್ಸ್ ಒಂದಿಷ್ಟು ಎಳೆದಾಡಿ ಮರುವರ್ಷ ಸಹಿ ಹಾಕಿತು. ಮನಸ್ತಾಪ ಹೋಗಿತ್ತು ಅಂತಲ್ಲ. ಕಾಗದ ಓಡಾಡಬೇಕಿತ್ತು, ಅಷ್ಟೇ. ಭಾರತ 1876ರಲ್ಲಿ ಸೇರಿತು, ಆಗಿನ್ನೂ ಬ್ರಿಟಿಷರ ಆಳ್ವಿಕೆ.

ಆಗ ಮಾಡಿಕೊಂಡ ನಿಯಮ ಭಲೇ ಚೆನ್ನಾಗಿದೆ. ಸ್ಟಾಂಪಿನ ದುಡ್ಡು ಕಳಿಸಿದ ದೇಶಕ್ಕೆ. ತಲುಪಿದ ದೇಶ ಅದನ್ನು ಪುಕ್ಕಟೆ ಹಂಚಬೇಕು. ಯಾಕೆಂದರೆ ಒಂದು ಕಾಗದ ಬಂದರೆ ಒಂದು ಉತ್ತರ ಹೋಗುತ್ತದೆ, ಕೊನೆಗೆ ಲೆಕ್ಕ ಸರಿಯಾಗುತ್ತದೆ.

ನಿಮ್ಮ ಕಡೆ ಮುಯ್ಯಾಳು ಗೊತ್ತಲ್ವಾ? ನಾಟಿಗೆ ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ. ಅದಕ್ಕೆ ಕರಾರುಪತ್ರ ಇಲ್ಲ, ಪೊಲೀಸರೂ ಇಲ್ಲ. ಕೈ ಕೊಟ್ಟರೆ ಮುಂದಿನ ಮಳೆಗಾಲದಲ್ಲಿ ನಿಮ್ಮ ಗದ್ದೆಗೆ ಯಾರೂ ಇಳಿಯುವುದಿಲ್ಲ. ದೇಶಗಳ ಮಧ್ಯೆಯೂ ಬಹುಪಾಲು ಇದೇ ನಡೆಯುತ್ತದೆ. ವ್ಯತ್ಯಾಸ ಇಷ್ಟೇ: ಊರಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತದೆ. 192 ದೇಶಗಳಿಗೆ ಅದು ನೆನಪಿರುವುದಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಬ್ಬರನ್ನು ಪುಸ್ತಕ ಕೊಟ್ಟು ಕೂರಿಸುತ್ತಾರಲ್ಲ, ಅಂತರರಾಷ್ಟ್ರೀಯ ಸಂಸ್ಥೆ ಬಹುಮಟ್ಟಿಗೆ ಆ ಮನುಷ್ಯ. ಕೋಲು ಹಿಡಿದವನಲ್ಲ, ಪುಸ್ತಕ ಹಿಡಿದವನು.

ಲೆಕ್ಕ ಏರುಪೇರಾದರೆ? ಆಯಿತು. ಕೆಲವು ದೇಶಗಳಿಗೆ ಬರುವುದು ಜಾಸ್ತಿ, ಹೋಗುವುದು ಕಮ್ಮಿ. ಹಾಗಾಗಿ 1969ರಲ್ಲಿ ಟೋಕಿಯೋ ಸಮ್ಮೇಳನದಲ್ಲಿ ಹಂಚುವ ದೇಶಕ್ಕೂ ಕೂಲಿ ಕೊಡಬೇಕೆಂದು ತೀರ್ಮಾನವಾಯಿತು. ಆಮೇಲೆ ಆನ್‌ಲೈನ್ ವ್ಯಾಪಾರ ಬಂತು. ಚೀನಾದಿಂದ ಸಣ್ಣ ಪೊಟ್ಟಣಗಳು ಅಮೆರಿಕಕ್ಕೆ ರಾಶಿ ಬೀಳತೊಡಗಿದವು. ಆ ಕೂಲಿ ತೀರಾ ಕಮ್ಮಿ ಎಂದು ಅಮೆರಿಕ 2018ರ ಅಕ್ಟೋಬರಿನಲ್ಲಿ ಒಕ್ಕೂಟ ಬಿಡುವುದಾಗಿ ನೋಟಿಸ್ ಕೊಟ್ಟಿತು.

ನಿಮ್ಮ ಮಗಳಿಗೆ ಮುಖ್ಯವಾಗಿ ಹೇಳಬೇಕಾದ ಭಾಗ ಇದು. ಅಷ್ಟು ಬಲಾಢ್ಯ ದೇಶ, ಹೋಗಬಹುದಿತ್ತು. ಆದರೆ ಹೋದರೆ ಪ್ರತಿ ದೇಶದ ಜೊತೆ ಮತ್ತೆ ಒಂದೊಂದಾಗಿ ಚೌಕಾಸಿಗೆ ಕೂರಬೇಕು. ಇತ್ತ ಉಳಿದವರಿಗೂ ಅಮೆರಿಕವಿಲ್ಲದೆ ಕಷ್ಟ. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ತುರ್ತು ಸಮ್ಮೇಳನ ಸೇರಿತು. ಜಾಸ್ತಿ ಅಂಚೆ ಬರುವ ದೇಶಗಳು ಕೂಲಿಯನ್ನು ತಾವೇ ಘೋಷಿಸಿಕೊಳ್ಳಬಹುದು ಎಂದಾಯಿತು. ಅಮೆರಿಕಕ್ಕೆ 2020ರ ಜುಲೈನಿಂದಲೇ ಆ ಅವಕಾಶ ಸಿಕ್ಕಿತು. ಅಮೆರಿಕ ಒಕ್ಕೂಟದಲ್ಲೇ ಉಳಿದುಕೊಂಡಿತು. ನ್ಯಾಯ ಆಯಿತೇ? ನನಗೆ ಹಾಗನಿಸುವುದಿಲ್ಲ, ದೊಡ್ಡವರ ಕೈ ಮೇಲಾಯಿತು. ಆದರೂ ನಿಯಮ ಮುರಿದು ಹೋಗುವುದಕ್ಕಿಂತ ನಿಯಮ ತಿದ್ದಿಸಿಕೊಂಡು ಕೂರುವುದೇ ಅವರಿಗೂ ಅಗ್ಗವಾಯಿತು.

ಎಲ್ಲ ಸಲವೂ ಹೀಗಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಭಾರತದ ಜೊತೆ ಅಂಚೆ ನಿಲ್ಲಿಸಿತು. ಇದು ಒಕ್ಕೂಟದ ನಿಯಮಕ್ಕೆ ವಿರುದ್ಧ ಎಂದು ಭಾರತ ದೂರಿತು. 2025ರ ಮೇನಲ್ಲಿ ಪಾಕಿಸ್ತಾನದ ಅಂಚೆಯನ್ನು ಭಾರತವೇ ನಿಲ್ಲಿಸಿತು. ಸಿಟ್ಟು ಲೆಕ್ಕವನ್ನು ಮೀರಿದ ದಿನ ಬರ್ನ್‌ನ ಪುಸ್ತಕ ಏನೂ ಮಾಡಲಾರದು. ಯುದ್ಧದ ವಿಷಯದಲ್ಲಿ ವಿಶ್ವಸಂಸ್ಥೆ ಕೈಚೆಲ್ಲುವುದೂ ಬಹುಪಾಲು ಇದೇ ಕಾರಣಕ್ಕೆ.

ಪ್ರಶ್ನೆ: 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಗನಿಗೆ ಚಟ್ನಿಪುಡಿ ಕಳಿಸಲು ಹೋದರೆ ಅಂಚೆಯಲ್ಲಿ ತೆಗೆದುಕೊಳ್ಳಲಿಲ್ಲ. ಇಂಥ ಒಕ್ಕೂಟಗಳಿದ್ದೂ ಏನು ಪ್ರಯೋಜನ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಚಟ್ನಿಪುಡಿಗೆ ಅಡ್ಡ ಬಂದಿದ್ದು ಸುಂಕ. 800 ಡಾಲರ್‌ವರೆಗಿನ ಸರಕಿಗೆ ಇದ್ದ ವಿನಾಯಿತಿಯನ್ನು ಅಮೆರಿಕ ಆ ಆಗಸ್ಟ್ 29ಕ್ಕೆ ತೆಗೆಯಿತು. ಸುಂಕವನ್ನು ಮುಂಗಡವಾಗಿ ವಸೂಲಿ ಮಾಡಿ ಕಟ್ಟಬೇಕೆಂದಿತು. ಹೇಗೆ ಎಂಬುದಕ್ಕೆ ಎಷ್ಟೋ ಅಂಚೆ ಇಲಾಖೆಗಳ ಬಳಿ ವ್ಯವಸ್ಥೆ ಇರಲಿಲ್ಲ. ಭಾರತವಷ್ಟೇ ಅಲ್ಲ, ಎಷ್ಟೋ ದೇಶಗಳ ಅಂಚೆ ನಿಂತಿತು.

ಸುಂಕ ಹಾಕಬೇಡಿ ಎನ್ನುವ ಅಧಿಕಾರ ಒಕ್ಕೂಟಕ್ಕಿಲ್ಲ. ಅದು ಮಾಡಿದ್ದು ಬೇರೆ. ಸುಂಕ ಲೆಕ್ಕ ಹಾಕಿ ಮೊದಲೇ ಕಟ್ಟುವ ಒಂದು ತಾಂತ್ರಿಕ ವ್ಯವಸ್ಥೆಯನ್ನು ಸದಸ್ಯರೆಲ್ಲರೂ ಬಳಸುವಂತೆ ಮಾಡಿಕೊಟ್ಟಿತು. ಬಡ ಪುಟ್ಟ ದೇಶವೊಂದು ಅಂಥದ್ದನ್ನು ಒಂಟಿಯಾಗಿ ಕಟ್ಟಿಕೊಳ್ಳುವುದು ಎಲ್ಲಿ ಬಂತು? ಭಾರತದಿಂದ ಅಕ್ಟೋಬರ್ 15ರಿಂದ ಮತ್ತೆ ಪಾರ್ಸೆಲ್ ಹೋಗತೊಡಗಿತು.

ಮುಂದಿನ ಸಲ ಕೌಂಟರಿನಲ್ಲಿ ಪೊಟ್ಟಣಕ್ಕೆ ಅಂಟಿಸುವ ಸುಂಕದ ಚೀಟಿ ನೋಡಿ. ಸಿಎನ್ 22 ಅಥವಾ ಸಿಎನ್ 23 ಎಂದಿರುತ್ತದೆ. ಅದು ಬರ್ನ್‌ನ ಒಕ್ಕೂಟದ ನಮೂನೆ. ಟೋಕಿಯೋದಲ್ಲೂ ಅದೇ, ನೈರೋಬಿಯಲ್ಲೂ ಅದೇ. ಚಟ್ನಿಪುಡಿ ಎಂದರೆ ಏನೆಂದು ಮಾತ್ರ ನೀವೇ ಬಿಡಿಸಿ ಬರೆಯಬೇಕು.