ಗ್ಲಾಡ್ ಅಂದರೆ ‘ಸದ್ಯ ಬಂದ್ರಲ್ಲ!’

ಪ್ರಶ್ನೆ: ಮಗಳು ಇಂಗ್ಲಿಷ್ ಪ್ರಬಂಧದಲ್ಲಿ ‘ಗ್ಲಾಡ್ ಬಾಯ್’ ಎಂದು ಬರೆದಿದ್ದಳು. ಟೀಚರ್ ಗೀಟು ಹಾಕಿ ‘ಹ್ಯಾಪಿ ಬಾಯ್’ ಎಂದು ತಿದ್ದಿದ್ದಾರೆ. ಎರಡಕ್ಕೂ ಸಂತೋಷ ಎಂದೇ ಅರ್ಥ ಅಲ್ವಾ ಮಾಷ್ಟ್ರೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ತಿದ್ದಿದ್ದು ಸರಿಯೇ. ಆದರೆ ಸುಮ್ನೆ ಗೀಟು ಎಳೆದು ಬಿಟ್ಟರೆ ಮಗುವಿಗೆ ಹೇಗೆ ಗೊತ್ತಾಗಬೇಕು?

ನಿಮ್ಮೂರಿನ ದಕ್ಕೆಯನ್ನೇ ನೆನೆಸಿಕೊಳ್ಳಿ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದಿವೆ. ಗಾಳಿಮಳೆ ಜೋರಾಗಿದೆ. ರಾತ್ರಿ ಬರಬೇಕಿದ್ದ ಬೋಟು ಬೆಳಿಗ್ಗೆ ಬಂತು. ಮನೆಯವರ ಬಾಯಲ್ಲಿ ಮೊದಲು ಬರುವ ಮಾತು ಯಾವುದು? ‘ಸದ್ಯ, ಬಂದ್ರಲ್ಲ!’ ಗ್ಲಾಡ್ ಅಂದರೆ ಹೆಚ್ಚುಕಡಿಮೆ ಈ ‘ಸದ್ಯ’. ‘ಐ ಆಮ್ ಗ್ಲಾಡ್ ಯು ಕೇಮ್.’ ಏನೋ ಒಂದು ಆಯಿತು, ಮನಸ್ಸು ಹಗುರಾಯಿತು. ಅದೇ ಮನುಷ್ಯ ಮಧ್ಯಾಹ್ನ ಬಂಗುಡೆ ಗಸಿಯಲ್ಲಿ ಊಟ ಮುಗಿಸಿ, ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಜಗಲಿಯಲ್ಲಿ ಕೂತಿದ್ದಾನಲ್ಲ, ಅವನು ಹ್ಯಾಪಿ.

ನಮ್ಮಲ್ಲೂ ‘ಖುಷಿಯಾಯಿತು’ ಬೇರೆ, ‘ಖುಷಿಯಾಗಿದ್ದಾನೆ’ ಬೇರೆ. ಹ್ಯಾಪಿ ಎರಡೂ ಕಡೆ ನಡೆಯುತ್ತದೆ. ಗ್ಲಾಡ್ ಮೊದಲನೆಯದಕ್ಕೆ ಮಾತ್ರ. ಅದಕ್ಕೇ ‘ಗ್ಲಾಡ್ ಬಾಯ್’ ಕಿವಿಗೆ ಒರಟಾಗಿ ಕೇಳುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಮಂಗಳೂರಿನ ಇಗರ್ಜಿಗಳಲ್ಲಿ ‘ಗ್ಲಾಡ್ ಟೈಡಿಂಗ್ಸ್’, ಅಂದರೆ ಶುಭ ಸುದ್ದಿ, ಅನ್ನುವುದನ್ನು ಕೇಳಿರಬಹುದು. ಅದು ಹಳೆಯ ಬಳಕೆ, ಹಾಗೇ ಉಳಿದುಕೊಂಡಿದೆ.

ಹುಟ್ಟಿನಲ್ಲಂತೂ ಇವೆರಡಕ್ಕೂ ಸಂಬಂಧವೇ ಇಲ್ಲ. ‘ಹ್ಯಾಪ್’ ಅಂದರೆ ಅದೃಷ್ಟ. ‘ಹ್ಯಾಪನ್’, ‘ಪರ್‌ಹ್ಯಾಪ್ಸ್’ನಲ್ಲೂ ಅದೇ ಇದೆ. ಗ್ಲಾಡ್ ಹಳೆಯ ಇಂಗ್ಲಿಷಿನಲ್ಲಿ ‘ಹೊಳೆಯುವ’ ಎಂಬ ಮಾತು. ಜರ್ಮನಿನಲ್ಲಿ ಅದರ ದಾಯಾದಿ ‘ಗ್ಲಾಟ್’ಗೆ ಇಂದಿಗೂ ನುಣುಪು ಎಂದರ್ಥ. ತೆಂಗಿನೆಣ್ಣೆ ಹಾಕಿ ಉಜ್ಜಿದ ರೆಡ್ ಆಕ್ಸೈಡ್ ನೆಲದ ಹಾಗೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದ ಕಿಟೆಲ್ ಜರ್ಮನ್ನರು. ಅವರಿಗೆ ಈ ನೆಂಟಸ್ತಿಕೆ ನಾವು ಹೇಳಿಕೊಡಬೇಕಿರಲಿಲ್ಲ ಬಿಡಿ.

ಮಗಳಿಗೆ ಬೇಸರ ಬೇಡ ಅನ್ನಿ. ನಾನು ರಿಟೈರಾದ ದಿನ ಹಳೆಯ ವಿದ್ಯಾರ್ಥಿಯೊಬ್ಬ ಹೂವಿನ ಚಿತ್ರದ ಕಾರ್ಡು ಕೊಟ್ಟ. ಒಳಗೆ ‘ವಿ ಆರ್ ಗ್ಲಾಡ್ ಯು ಆರ್ ರಿಟೈರಿಂಗ್’ ಎಂದಿತ್ತು. ಅಂದರೆ, ಸದ್ಯ ಹೊರಟ್ರಲ್ಲ! ಇಂಗ್ಲಿಷ್ ಕಲಿಸಿದವರು ಯಾರು ಎಂದು ಮಾತ್ರ ಕೇಳಬೇಡಿ. ಕಾರ್ಡು ಈಗಲೂ ಕಪಾಟಿನಲ್ಲಿದೆ. ನೆಂಟರು ಬಂದಾಗ ನಮ್ಮ ಮನೆಯವರು ತಪ್ಪದೆ ತೆಗೆದು ತೋರಿಸುತ್ತಾರೆ.